ಜಡೆ ಬಿಚ್ಚಿದರೆ ಪಾಸು

ನಮ್ಮೂರಲ್ಲಿ ಹಪ್ಪಳ ಒಣಗುವುದು ನಿಂತು ಬಹಳ ಕಾಲವಾಗಿತ್ತು. ನಾನು ಹಪ್ಪಳ ಮಾಡಿ ಮಾರುವವಳಾದ್ದರಿಂದ ಇದನ್ನು ಮೊದಲು ಗಮನಿಸಿದವಳು ನಾನೇ ಇರಬೇಕು. ಇರಬೇಕು ಅಂತಷ್ಟೇ ಹೇಳುತ್ತೇನೆ, ಖಂಡಿತ ಅನ್ನುವ ಧೈರ್ಯ ನನಗಿಲ್ಲ. ಬೆಳಿಗ್ಗೆ ಚಾಪೆಯ ಮೇಲೆ ಹಪ್ಪಳ ಹರವಿ, ಸೊಂಟ ನೆಟ್ಟಗೆ ಮಾಡಿ, ಕೂದಲು ಗಂಟು ಹಾಕಿಕೊಳ್ಳುವಷ್ಟರಲ್ಲಿ ಸೂರ್ಯ ನೆತ್ತಿ ದಾಟಿರುತ್ತಿದ್ದ. ಒಂದು ಲೋಟ ಕಾಫಿ ಕುಡಿದು ತಿರುವಿ ಹಾಕಲು ಬಂದರೆ ಹಪ್ಪಳದ ಮೇಲೆ ಬೆಳದಿಂಗಳು. ಬೆಳಗಿನ ತಿಂಡಿಗೆ ಒಲೆ ಹಚ್ಚಿದವರು ದೀಪ ಹಚ್ಚಿಕೊಂಡು ತಿನ್ನುತ್ತಿದ್ದರು. ಸ್ಕೂಲಿಗೆ ಹೊರಟ ಮಕ್ಕಳಿಗೆ ಗೇಟಿನಲ್ಲೇ ಮನೆಗೆ ಬಿಡುವ ಗಂಟೆ ಕೇಳಿಸುತ್ತಿತ್ತು. ಅವರಂತೂ ಸುಖವಾಗಿದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ ನಿಧಾನವಾಗಿದ್ದ. ದೊಡ್ಡಪ್ಪ ಅಂದರೆ ಚಾವಡಿಯ ನೆಲಮಾಳಿಗೆಯಲ್ಲಿರುವ ಹಳೆಯ ಕಂಪ್ಯೂಟರು. ಅದರ ಪ್ರೊಸೆಸರ್ ಎಷ್ಟು ವೇಗವಾಗಿ ಓಡುತ್ತದೋ ನಾವೂ ಅಷ್ಟೇ ವೇಗವಾಗಿ ನಡೆಯುತ್ತೇವೆ, ಉಣ್ಣುತ್ತೇವೆ, ಆಕಳಿಸುತ್ತೇವೆ. ನಮ್ಮ ಹಾಲು ಅದೇ ವೇಗದಲ್ಲಿ ಉಕ್ಕುತ್ತದೆ, ನಮ್ಮ ಉಗುರು ಅದೇ ವೇಗದಲ್ಲಿ ಬೆಳೆಯುತ್ತದೆ. ಅದು ನಿಧಾನವಾದರೆ ನಮಗೇನೂ ನಿಧಾನ ಅನ್ನಿಸುವುದಿಲ್ಲ. ಊರಾಚೆಯ ಲೋಕ ಮಾತ್ರ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡುತ್ತದೆ. ಕರೆಂಟು ಹೋದರೆ ನಮಗೆ ಗೊತ್ತೇ ಆಗುವುದಿಲ್ಲ. ಒಮ್ಮೆ ದೊಡ್ಡಪ್ಪ ಹ್ಯಾಂಗ್ ಆದಾಗ, ಮಳೆಗೆಂದು ಕೊಡೆ ಬಿಚ್ಚಿದ ದೇವೀರಮ್ಮ ಮುಂದಿನ ಉಸಿರು ಎಳೆದುಕೊಂಡದ್ದು ಕಡುಬೇಸಿಗೆಯಲ್ಲಿ. ಅಷ್ಟರಲ್ಲಿ ಹೊರಗಿನಿಂದ ಬಂದ ಗುಬ್ಬಚ್ಚಿಯೊಂದು ಆ ಕೊಡೆಯೊಳಗೆ ಗೂಡು ಕಟ್ಟಿ, ಮರಿ ಮಾಡಿ, ಹಾರಿಸಿಯೂ ಆಗಿತ್ತು. ಎಲ್ಲೋ ಸಿಡಿಲು ಬಡಿದು ಕರೆಂಟು ಹೋಗಿ ಬಂದದ್ದರಿಂದ ನಾವು ಎದ್ದೆವು.

ದೊಡ್ಡಪ್ಪನನ್ನು ಮೊದಲು ನೋಡಿಕೊಳ್ಳುತ್ತಿದ್ದವರು ಪಂಚಾಕ್ಷರಿ ಮೇಷ್ಟ್ರು. ಅವರಿಗೆ ಕಣ್ಣು ಸಾಲದಾದ ಮೇಲೆ ಆ ಕೆಲಸ ನನಗೆ ಬಂತು. ನನಗೆ ಕಲಿಸಿದವರೂ ಅವರೇ, ಸಂಜೆ ಕ್ಲಾಸಿನಲ್ಲಿ. ಆದರೆ ನಮ್ಮೂರ ಸಂಜೆ ಎಷ್ಟು ಹೊತ್ತಿನದು? ಮೇಷ್ಟ್ರು ಹಾಜರಿ ಕೂಗಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಕತ್ತಲು. ಅವರು ಕುರ್ಚಿಯ ಮೇಲೆ, ನಾವು ನೆಲದ ಮೇಲೆ, ನಡುವೆ ಒಂದು ಲಾಟೀನು. ಆ ಬೆಳಕಿನಲ್ಲಿ ಬೋರ್ಡು ಕಾಣುತ್ತಿರಲಿಲ್ಲ, ಮೇಷ್ಟ್ರ ಪಾದ ಮಾತ್ರ ಕಾಣುತ್ತಿತ್ತು. ಹಾಗಾಗಿ ನನ್ನ ವಿದ್ಯೆಯೆಲ್ಲ ಅರೆಬರೆ. ಪ್ರೊಸೆಸರಿನ ವೇಗ ಏರಿಸುವುದು ಹೇಗೆಂದು ಕಲಿತೆ. ಏರಿಸಿದ ಮೇಲೆ ಸುಟ್ಟುಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ ಅನ್ನುವ ಪಾಠಕ್ಕೆ ಕತ್ತಲಾಯಿತು. ಬೀಗ ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ ಬರುವವಳು ನಾನು. ಬಂದು ಎಳೆದು ನೋಡಿ, ಮತ್ತೆ ಅರ್ಧ ದಾರಿಗೆ ಹೋಗಿ, ಎಳೆಯುವಾಗ ಬೀಗ ಬಿಚ್ಚಿಕೊಂಡಿತೇನೋ ಅಂತ ಇನ್ನೊಮ್ಮೆ ಬರುವವಳು. ಇಂಥವಳ ಕೈಗೆ ಊರಿನ ಎದೆಬಡಿತ ಕೊಟ್ಟಿದ್ದರು. ನಾನು ದಿನಾ ಧೂಳು ಒರೆಸುತ್ತಿದ್ದೆ, ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಸರ್ವಮಂಗಳಾ ಟಿಕೆಟ್ಟು ಹಿಡಿದುಕೊಂಡು ಬಂದಳು.

ಸರ್ವಮಂಗಳಾ ದೇವೀರಮ್ಮನ ಅಣ್ಣನ ಮಗಳು, ಅತ್ತೆಯ ಕೈಯಲ್ಲೇ ಬೆಳೆದವಳು. ಚಾವಡಿಯ ಮುಂದೆಯೇ ಬಸ್ಸು ನಿಲ್ಲುವ ಜಾಗ, ಅಲ್ಲಿ ಚುರುಮುರಿ ಮಾರುತ್ತಾಳೆ. ಹಿಂದೆ ದೊಡ್ಡಪ್ಪ ಇಷ್ಟು ನಿಧಾನವಿಲ್ಲದಿದ್ದಾಗ ಬಸ್ಸಿನ ಕಿಟಕಿಗೆ ಪೊಟ್ಟಣ ಚಾಚುತ್ತಾ ಕಂಡಕ್ಟರ್ ಮುರುಗೇಶನೊಡನೆ ನಾಲ್ಕು ಮಾತಾಡಿದ್ದಳು. ಆ ನಾಲ್ಕು ಮಾತಿನ ಮೇಲೆಯೇ ಇಬ್ಬರೂ ನಿಂತಿದ್ದರು. ಆಮೇಲೆ ನಮ್ಮ ಪಾಲಿಗೆ ಬಸ್ಸು ಒಂದು ಗಾಳಿಯ ಬೀಸು, ಒಂದು ಖಾಕಿ ಗೆರೆ, ಅಷ್ಟೇ ಆಯಿತು. ಅವರ ಪಾಲಿಗೆ ನಾವು ರಸ್ತೆ ಬದಿಯ ಬೊಂಬೆಗಳು. ಆದರೂ ಬಸ್ಸು ಬಂದು ಹೋದ ಮೇಲೆ ಸರ್ವಮಂಗಳಾ ಕೈಯಲ್ಲಿದ್ದ ಪೊಟ್ಟಣ ಮಾಯವಾಗಿರುತ್ತಿತ್ತು, ಮುಡಿ ಮುಟ್ಟಿ ನೋಡಿಕೊಂಡರೆ ಮಲ್ಲಿಗೆ ಇರುತ್ತಿತ್ತು. ಮುಡಿಸುವಾಗ ಅವನ ಬೆರಳು ತಗುಲಿದ್ದು ಕೂಡ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆವತ್ತು ಹೂವಿನ ಜೊತೆಗೆ ಅಂಗೈಯಲ್ಲಿ ಒಂದು ಟಿಕೆಟ್ಟಿತ್ತು. ಕೊನೆಯ ಸ್ಟಾಪಿನವರೆಗೆ, ಒಬ್ಬರಿಗೆ.

"ಇದು ಮದುವೆ ಪ್ರಸ್ತಾಪ ಅಲ್ವಾ ಅಕ್ಕ?" ಅಂದಳು. ಮುಖ ಕೆಂಪಾಗಿತ್ತು.

"ಹಾಗೇ ಕಾಣುತ್ತೆ. ನಾನು ತಪ್ಪು ತಿಳಿದಿರಬಹುದು. ಮುಂಚೆ ಯಾರಾದರೂ ಟಿಕೆಟ್ಟಲ್ಲಿ ಕೇಳಿದ್ದು ನೋಡಿಲ್ಲ."

"ಆದರೆ ಹತ್ತೋದು ಹೇಗೆ? ಸ್ಟಾಪಿನ ಹತ್ತಿರ ಹೊಸ ಬೋರ್ಡು ನೋಡಿದ್ರಾ?"

ನೋಡಿದ್ದೆ. ಇಲ್ಲಿ ಹತ್ತುವವರಿಲ್ಲದ ಕಾರಣ ಬರುವ ಸೋಮವಾರದಿಂದ ಬಸ್ಸು ನಿಲ್ಲುವುದಿಲ್ಲ ಎಂದು ಬರೆದಿತ್ತು. ಅಂದರೆ ಭಾನುವಾರವೇ ಕೊನೆ. ಹತ್ತಲು ನಾವು ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ನಮ್ಮವರು ಮೆಟ್ಟಿಲಿಗೆ ಕಾಲೆತ್ತುವಷ್ಟರಲ್ಲಿ ಬಸ್ಸು ಮುಂದಿನ ಊರು ಸೇರಿರುತ್ತಿತ್ತು. ಆ ಡ್ರೈವರು ಗಡಿಯಾರಕ್ಕೇ ತಾಳಿ ಕಟ್ಟಿದವನು, ಒಂದು ನಿಮಿಷ ಹೆಚ್ಚು ನಿಲ್ಲಿಸುವವನಲ್ಲ. ಒಂದು ಸಲ ಮುರುಗೇಶ ಸರ್ವಮಂಗಳಾ ಕೈ ಹಿಡಿದು ಎಳೆದೂ ನೋಡಿದ್ದ. ನಿಧಾನದವರನ್ನು ಎಳೆಯುವುದೆಂದರೆ ಬೇರು ಬಿಟ್ಟ ಹುಣಸೆಮರ ಎಳೆದ ಹಾಗೆ. ಬಸ್ಸಿನ ಜೊತೆ ಹೋದದ್ದು ಅವಳ ಬಳೆ ಮಾತ್ರ. ಗಡಿ ದಾಟಿ ನಿಂತರೂ ಪ್ರಯೋಜನವಿಲ್ಲ, ಯಾವ ಊರಿನ ಸೂರಿನಡಿ ಮಲಗಿ ಎದ್ದೆವೋ ಆ ಊರಿನ ವೇಗವೇ ಮೈಗೆ ಅಂಟಿರುತ್ತದೆ.

"ಅವರೇ ಇಳಿದು ಬಂದರೆ?" ಅಂದೆ.

"ಇಲ್ಲಿ ಮಲಗಿ ಎದ್ದರೆ ಮತ್ತೆ ಹತ್ತೋಕೆ ಅವರಿಗೂ ಆಗಲ್ಲವಲ್ಲ. ಅವರ ತಾಯಿಗೆ ಕಣ್ಣು ಕಾಣಲ್ಲ, ಒಬ್ಬರೇ ಇದ್ದಾರೆ. ನಾನೇ ಹೋಗಬೇಕು, ಹೋಗೋಕೆ ನನಗೂ ಆಸೆ. ಅಕ್ಕ, ದೊಡ್ಡಪ್ಪನಿಗೆ ಸ್ವಲ್ಪ ಚುರುಕು ಮುಟ್ಟಿಸೋಕೆ ಆಗಲ್ವಾ?"

"ಸುಟ್ಟುಹೋದರೆ?"

"ಸುಟ್ಟುಹೋದರೆ ನಾವೆಲ್ಲ ಅಲ್ಲೇ ನಿಂತುಬಿಡ್ತೀವಿ. ನಮಗೆ ಗೊತ್ತಾಗುತ್ತಾ?"

"ಗೊತ್ತಾಗಲ್ಲ."

"ಮತ್ತೇನು ಭಯ?"

ಇದಕ್ಕೆ ಉತ್ತರ ಹುಡುಕಿದೆ. ಸಿಗಲಿಲ್ಲ. ಸಿಗಲಿಲ್ಲವಲ್ಲ ಅಂತ ಇನ್ನೂ ಭಯವಾಯಿತು. ಆದರೂ ಸ್ಕ್ರೂಡ್ರೈವರ್ ತೆಗೆದುಕೊಂಡೆ.

ದೊಡ್ಡಪ್ಪನ ಪಕ್ಕದ ತಗಡು ಬಿಚ್ಚಿದಾಗ ಒಳಗೆ ಇನ್ನೊಂದು ದೊಡ್ಡಪ್ಪನನ್ನು ಮಾಡುವಷ್ಟು ಧೂಳಿತ್ತು. ಹೊರಗೆ ಒರೆಸುತ್ತಾ ಬಂದವಳು ನಾನು, ಒಳಗೆ ಕೈಹಾಕಲು ಹೆದರಿದ್ದೆ. ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿದೆ. ಅದರ ಕೆಳಗಿನ ಪೇಸ್ಟು, ಶಾಖವನ್ನು ಮೇಲಕ್ಕೆ ಸಾಗಿಸಬೇಕಾದ್ದು, ಒಣಗಿ ಸುಣ್ಣದ ಹಾಗೆ ಉದುರಿತು. ಒರೆಸಿ ಹೊಸ ಪೇಸ್ಟು ಹಚ್ಚಿದೆ. ಹೆಚ್ಚಾಯಿತು ಅನ್ನಿಸಿ ತೆಗೆದೆ, ಕಡಿಮೆಯಾಯಿತು ಅನ್ನಿಸಿ ಹಚ್ಚಿದೆ. ಕೊನೆಗೆ ಹಪ್ಪಳಕ್ಕೆ ಎಣ್ಣೆ ಸವರುವ ಹದ ಕೈಗೆ ಬಂದ ಮೇಲೆ ಬಿಟ್ಟೆ. ಬಿಚ್ಚಿದ ಪಕ್ಕಕ್ಕೆ ಮನೆಯ ಟೇಬಲ್ ಫ್ಯಾನು ತಂದಿಟ್ಟೆ.

ವೇಗ ಏರಿಸುವುದು ಮೆಟ್ಟಿಲು ಮೆಟ್ಟಿಲಾಗಿ. ಒಂದು ಕೀಲಿಯ ಮೇಲೆ ಬೆರಳೊತ್ತಿ ಹಿಡಿದು ದೊಡ್ಡಪ್ಪನನ್ನು ರೀಸ್ಟಾರ್ಟ್ ಮಾಡಬೇಕು. ಊರು ನಿಲ್ಲುತ್ತದೆ, ನಾನೂ ನಿಲ್ಲುತ್ತೇನೆ, ಆದರೆ ಬೆರಳು ಕೀಲಿಯ ಮೇಲೆಯೇ ಇರುತ್ತದೆ. ಅವನು ಎದ್ದಾಗ ನೀಲಿ ಪರದೆ ಬಂದಿರುತ್ತದೆ. ಅಲ್ಲಿ ವೇಗದ ಅಂಕಿಯನ್ನು ಒಂದು ಮೆಟ್ಟಿಲು ಮೇಲೆ ಮಾಡಿ ಬಿಟ್ಟರಾಯಿತು. ಇದರಿಂದ ನಮಗೇನೂ ಆಗುವುದಿಲ್ಲ, ಆಕಾಶದಲ್ಲಿ ಸೂರ್ಯ ಒಂದು ಗೇಣು ಜಿಗಿದಿರುತ್ತಾನೆ ಅಷ್ಟೇ.

ಮೊದಲ ಮೆಟ್ಟಿಲಿಗೆ ಹಪ್ಪಳದ ಅಂಚು ಒಣಗಿತು. ಇನ್ನೊಂದಕ್ಕೆ ದೇವೀರಮ್ಮ ಬೆಳಗಿನ ತಿಂಡಿಯನ್ನು ಬೆಳಕಿನಲ್ಲಿ ತಿಂದು, ಉಪ್ಪಿಟ್ಟಿಗೆ ಇಷ್ಟು ಬಣ್ಣ ಇರುತ್ತೆ ಅಂತ ಗೊತ್ತಿರಲಿಲ್ಲ ಅಂದಳು. ಮತ್ತೊಂದು ಏರಿಸಿದಾಗ ಮಕ್ಕಳು ಸ್ಕೂಲಿನಲ್ಲಿ ಒಂದು ಇಡೀ ಪಾಠ ಕೇಳಬೇಕಾಗಿ ಬಂದು ಗೋಳೋ ಅಂದರು. ಜನ ಬೀದಿಗೆ ಬಂದು ಬಿಸಿಲು ನೋಡುತ್ತಾ ನಿಂತರು. ಮಧ್ಯಾಹ್ನ ಅನ್ನುವುದು ಇಷ್ಟು ಅಗಲವಾಗಿತ್ತಾ ಅಂತ ಒಬ್ಬರನ್ನೊಬ್ಬರು ಕೇಳಿದರು. ಯಾರೋ ಮಧ್ಯಾಹ್ನ ನಿದ್ದೆ ಮಾಡಿ ಎದ್ದು, ಇನ್ನೂ ಮಧ್ಯಾಹ್ನವೇ ಇರುವುದನ್ನು ಕಂಡು ಕೇಕೆ ಹಾಕಿದರು.

ಆಮೇಲಿನ ಮೆಟ್ಟಿಲಿಗೆ ಎಡವಟ್ಟು ಶುರುವಾಯಿತು. ದೇವೀರಮ್ಮನ ಕೋಳಿ ಬಾಯಿ ತೆರೆದರೆ ಕುಕ್ಕರಿನ ಸೀಟಿ ಬಂತು. ಸರ್ವಮಂಗಳಾ ಹುರಿದ ಮಂಡಕ್ಕಿ ಬಾಣಲೆಯಿಂದ ಮೇಲೆ ಹಾರಿ ಅಲ್ಲೇ ಯೋಚನೆ ಮಾಡುತ್ತಾ ನಿಂತಿತು. ಬಾವಿಗೆ ಬಗ್ಗಿ 'ಓ' ಅಂದವರಿಗೆ ಒಳಗಿನಿಂದ 'ಏನು' ಅಂತ ಕೇಳಿಸಿತು. ನನ್ನ ನೆರಳು ನನಗಿಂತ ಮುಂಚೆ ಮನೆ ಸೇರಿತು. ಜನಕ್ಕೆ ಇದೊಂದು ಹಬ್ಬ, ನಾನು ಮಾತ್ರ ನೆಲಮಾಳಿಗೆಗೆ ಓಡಿದೆ. ದೊಡ್ಡಪ್ಪ ಲೆಕ್ಕ ತಪ್ಪುತ್ತಿದ್ದ. ಇದೇ ದಾರಿಯಲ್ಲಿ ಹೋದರೆ ಹ್ಯಾಂಗ್ ಆಗುತ್ತಾನೆ.

ನನಗೆ ಕಲಿಯಲು ಸಿಗದ ಪಾಠ ಇದೇ. ಕೂತು ನಾನೇ ಯೋಚಿಸಿದೆ. ಹೆಚ್ಚು ಓಡು ಅಂದವನಿಗೆ ಹೆಚ್ಚು ಊಟ ಹಾಕಬೇಕಲ್ಲ. ನೀಲಿ ಪರದೆಯಲ್ಲಿ ವೋಲ್ಟೇಜು ಅನ್ನುವ ಸಾಲು ಹುಡುಕಿ, ಚಿಟಿಕೆ ಉಪ್ಪು ಹಾಕುವ ಹಾಗೆ ಒಂದಿಷ್ಟು ಏರಿಸಿದೆ. ಕೋಳಿ ಕೋಳಿಯ ಹಾಗೆ ಕೂಗಿತು, ಮಂಡಕ್ಕಿ ಬಾಣಲೆಗೆ ಬಿತ್ತು. ಊಟ ಹೆಚ್ಚಾದರೆ ಮೈ ಬಿಸಿಯೂ ಏರುತ್ತದೆ, ಆದರೆ ಹೊಸ ಪೇಸ್ಟು, ಟೇಬಲ್ ಫ್ಯಾನು ಎರಡೂ ಸೇರಿ ತಡೆದವು. ಎಲ್ಲ ಸರಿಯಾಗಿದೆ ಅಂತ ಮನಸ್ಸು ಹೇಳಿತು. ನನ್ನ ಮನಸ್ಸನ್ನು ನಾನು ಯಾವತ್ತೂ ನಂಬಿದವಳಲ್ಲ. ಅದಕ್ಕೇ ಪರೀಕ್ಷೆ ಇರುವುದು.

ನಮ್ಮಲ್ಲಿ ದೊಡ್ಡಪ್ಪನ ಪರೀಕ್ಷೆ ಅಂದರೆ ಜಡೆ ಕೋಲಾಟ. ಚಾವಡಿಯ ಅಂಗಳದ ಕಂಬದ ತುದಿಯಿಂದ ಬಣ್ಣಬಣ್ಣದ ಹಗ್ಗ ಇಳಿಬಿಟ್ಟಿರುತ್ತದೆ. ಆಡುವವರು ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು ಹಿಡಿದು, ಒಬ್ಬರ ಹೊರಗೆ ಒಬ್ಬರ ಒಳಗೆ ನುಸುಳುತ್ತಾ ಹೋದ ಹಾಗೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ಪದ ತಿರುಗುತ್ತದೆ, ಹೆಜ್ಜೆ ತಿರುಗುತ್ತದೆ, ಹೆಣೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಇಷ್ಟು ಜನರ ಇಷ್ಟು ಹೆಜ್ಜೆ ಒಂದೂ ತಪ್ಪದಿದ್ದರೆ ಹಗ್ಗಗಳು ಮೊದಲಿನ ಹಾಗೆ ನೇತಾಡಬೇಕು, ಒಂದು ಗಂಟು ಉಳಿದರೂ ದೊಡ್ಡಪ್ಪ ತಪ್ಪಿದ ಅಂತಲೇ ಅರ್ಥ. ಆಗ ವೇಗ ಒಂದು ಮೆಟ್ಟಿಲು ಇಳಿಸಬೇಕು. ಮೇಷ್ಟ್ರ ಕಾಲದಿಂದಲೂ ಇದೇ ಪದ್ಧತಿ. ಕೋಲಾಟದ ಮುಂದಾಳೂ ಅವರೇ. ಪದ ಹೇಳುವವರು ಅವರು, ಕೆಂಪು ಹಗ್ಗ ಅವರದು.

ಭಾನುವಾರ ಬೆಳಿಗ್ಗೆಯೇ ಕೋಲಾಟ ಇಟ್ಟುಕೊಂಡೆವು. ಬಸ್ಸು ಬರುವುದು ಸೂರ್ಯ ಆಚೆಯ ಹುಣಸೆಮರದ ತಲೆಯ ಮೇಲೆ ಬಂದಾಗ. ಸರ್ವಮಂಗಳಾ ಟ್ರಂಕು ಕಟ್ಟಿ ಚಾವಡಿಯ ಮೆಟ್ಟಿಲ ಮೇಲಿಟ್ಟು, ತಾನೂ ಒಂದು ಹಗ್ಗ ಹಿಡಿದಳು. ನಾನು ಕೆಳಗೆ ದೊಡ್ಡಪ್ಪನ ಜ್ವರ ನೋಡುತ್ತಾ ಕೂತೆ. ನೆಲಮಾಳಿಗೆಯ ಕಿಟಕಿ ಅಂಗಳದ ನೆಲದ ಮಟ್ಟಕ್ಕಿದೆ. ಅದರಲ್ಲಿ ಕಾಣುವುದು ಕಾಲುಗಳು ಮಾತ್ರ. ಹೆಣೆಯುವ ಪದ ಮುಗಿಯಿತು, ಬಿಚ್ಚುವ ಪದ ಶುರುವಾಯಿತು, ಮುಗಿಯಿತು.

"ಗಂಟು!" ಅಂತ ದೇವೀರಮ್ಮನ ಧ್ವನಿ.

"ಇಳಿಸಮ್ಮ ಅಂಬುಜಾ," ಅಂದರು ಮೇಷ್ಟ್ರು ಕಿಟಕಿಗೆ ಬಗ್ಗಿ. "ಬೇಜಾರು ಮಾಡ್ಕೋಬೇಡ. ನಾನೂ ಹೀಗೇ ಇಳಿಸ್ತಾ ಬಂದೆ. ಎಚ್ಚರಿಕೆ ದೊಡ್ಡದು."

ಇಳಿಸಿದೆ. ಮತ್ತೆ ಆಡಿದರು. ಗಂಟು. ಇನ್ನೊಂದು ಇಳಿಸಿದೆ. ಗಂಟು. ಇಳಿಸಿದಷ್ಟೂ ಸೂರ್ಯ ಜೋರಾಗಿ ಹುಣಸೆಮರದ ಕಡೆಗೆ ಓಡುತ್ತಿದ್ದ. ಸರ್ವಮಂಗಳಾ ಅಳುವ ಸದ್ದು ಕೇಳಲಿಲ್ಲ. ಅವಳ ಕಾಲುಗಳು ಟ್ರಂಕಿನ ಹತ್ತಿರ ಹೋದವು, ಟ್ರಂಕು ಮೆಟ್ಟಿಲಿನಿಂದ ಒಳಕ್ಕೆ, ನೆರಳಿಗೆ ಸರಿಯಿತು. ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ವೋಲ್ಟೇಜು ಹೆಚ್ಚಾಯಿತೋ, ಕಡಿಮೆಯಾಯಿತೋ, ಪೇಸ್ಟು ಹಚ್ಚುವಾಗ ಕೈ ಸರಿಯಾಗಿ ತೊಳೆದಿದ್ದೆನೋ ಇಲ್ಲವೋ.

ಮೇಲೆ ಹೋಗಿ ಗಂಟು ನೋಡಿದೆ. ಕೆಂಪು ಹಗ್ಗಕ್ಕೂ ಹಸಿರು ಹಗ್ಗಕ್ಕೂ ಬಿದ್ದಿತ್ತು. ಹಿಂದಿನ ಗಂಟು ಎಲ್ಲಿತ್ತು ಅಂತ ಕೇಳಿದೆ. ಅಲ್ಲೇ ಅಂದರು. ಅದರ ಹಿಂದಿನದು? ಅಲ್ಲೇ. ಇದು ನನಗೆ ವಿಚಿತ್ರ ಅನ್ನಿಸಿತು. ದೊಡ್ಡಪ್ಪ ತಪ್ಪಿದಾಗ ತಪ್ಪು ಕೋಳಿಯ ಬಾಯಿಗೂ ಹೋಗಿತ್ತು, ಬಾವಿಗೂ ಹೋಗಿತ್ತು, ನನ್ನ ನೆರಳಿಗೂ ಬಂದಿತ್ತು. ಒಂದು ಕಡೆ ಕೂತದ್ದಿಲ್ಲ. ಈ ಗಂಟು ಮಾತ್ರ ವೇಗ ಏರಲಿ ಇಳಿಯಲಿ ತನ್ನ ಜಾಗ ಬಿಟ್ಟು ಕದಲುತ್ತಿಲ್ಲ.

"ಇನ್ನೊಂದು ಸಲ ಆಡಿ," ಅಂದೆ. ಕೆಳಗೆ ಹೋದೆ, ಆದರೆ ಈ ಸಲ ಜ್ವರ ನೋಡಲಿಲ್ಲ. ಕಿಟಕಿಗೆ ಮುಖ ಒತ್ತಿ ಕಾಲು ನೋಡಿದೆ. ಬಿಚ್ಚುವ ಪದ ತಿರುಗಿದ ಕೂಡಲೇ ಎಲ್ಲರ ಬಲಗಾಲು ಹೊರಕ್ಕೆ ಬಂತು. ಒಂದೇ ಒಂದು ಎಡಗಾಲು ಒಳಕ್ಕೆ ಹೋಯಿತು. ಹೆಬ್ಬೆರಳು ಮಾತ್ರ ತಾನೇ ಬೇರೆ ಅನ್ನುವ ಹಾಗೆ ಮೇಲೆದ್ದಿದ್ದ ಪಾದ. ಲಾಟೀನಿನ ಬೆಳಕಿನಲ್ಲಿ ನಾನು ಕಲಿತದ್ದೆಲ್ಲ ಆ ಪಾದದ ಮುಂದೆ ಕೂತೇ.

ಮೇಲೆ ಬರುವಾಗ ಮೆಟ್ಟಿಲು ಎಡವಿದೆ.

"ಗಂಟು," ಅಂದರು ಮೇಷ್ಟ್ರು ಪಾಪ, ಮೆಲ್ಲಗೆ. "ಇಳಿಸಮ್ಮ."

"ಮೇಷ್ಟ್ರೇ, ಇಳಿಸೋದು ಬೇಡ ಅನ್ಸುತ್ತೆ. ನಾನು ತಪ್ಪು ತಿಳಿದಿರಬಹುದು, ನೀವು ದ್ಯಾಸ ಇಟ್ಟು ಕಲಿಸಿದ್ದೀರಿ, ನನಗೆ ಅರ್ಧ ಅರ್ಥವಾಗಿಲ್ಲ, ಆದರೂ..."

"ಇವಳು ಪೀಠಿಕೆ ಮುಗಿಸೋ ಹೊತ್ತಿಗೆ ಬಸ್ಸು ಹೋಗಿ ವಾಪಸ್ ಬಂದಿರುತ್ತೆ," ಅಂದಳು ದೇವೀರಮ್ಮ. "ಹೇಳೇ ಬೇಗ!"

"ಗಂಟು ದೊಡ್ಡಪ್ಪಂದಲ್ಲ," ಅಂದೆ. "ದೊಡ್ಡಪ್ಪ ತಪ್ಪಿದರೆ ತಪ್ಪು ಊರೆಲ್ಲ ಅಲೆಯುತ್ತೆ. ಇದು ಒಂದೇ ಕಡೆ ಬೀಳ್ತಾ ಇದೆ. ಕೆಂಪು ಹಗ್ಗದಲ್ಲಿ."

ಎಲ್ಲರೂ ಕೆಂಪು ಹಗ್ಗ ನೋಡಿದರು. ಹಗ್ಗದ ತುದಿಯ ಕೈ ನೋಡಿದರು. ಮೇಷ್ಟ್ರೂ ತಮ್ಮ ಕೈ ನೋಡಿಕೊಂಡರು.

"ಕೈ ಸರಿಯಾಗೇ ಇದೆಯಲ್ಲಮ್ಮ."

"ಕೈ ಅಲ್ಲ ಮೇಷ್ಟ್ರೇ. ಎಡಗಾಲು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಮೇಷ್ಟ್ರು ಹಗ್ಗ ಬಿಟ್ಟರು. ಪಂಚೆ ಎತ್ತಿಕಟ್ಟಿದರು. ಬಿಚ್ಚುವ ಪದವನ್ನು ತುಟಿಯಲ್ಲೇ ಗುನುಗುತ್ತಾ, ಒಬ್ಬರೇ, ನಿಧಾನವಾಗಿ ಹೆಜ್ಜೆ ಹಾಕಿದರು. ಪದ ತಿರುಗಿತು. ಎಡಗಾಲು ತನ್ನ ಪಾಡಿಗೆ ತಾನು ಒಳಕ್ಕೆ ಹೋಯಿತು. ಅವರು ಅದನ್ನು ಬೇರೆಯವರ ಮಗುವನ್ನು ನೋಡುವ ಹಾಗೆ ನೋಡಿದರು. ಹಿಂದೆ ತಂದು ಇನ್ನೊಮ್ಮೆ ಹಾಕಿದರು. ಮತ್ತೆ ಒಳಕ್ಕೇ.

"ಅಂದರೆ," ಅಂದರು, "ಇಷ್ಟು ವರ್ಷ ಈ ಊರು ನನ್ನ ಎಡಗಾಲಿನ ಹಿಂದೆ ಬರ್ತಿತ್ತಾ?"

"ಮೇಷ್ಟ್ರೇ, ಯಾರೂ ನೋಡಿಲ್ಲ. ಕೋಲಾಟದಲ್ಲಿ ಎಲ್ಲರ ಕಣ್ಣೂ ಮೇಲೆ, ಜಡೆಯ ಕಡೆಗೇ ಇರುತ್ತೆ. ನನಗೆ ಕಿಟಕಿಯಿಂದ ಅದೊಂದೇ ಕಾಣೋದು ಅಂತ..."

"ಗಂಟು ಬಿತ್ತು ಅಂತ ಇಳಿಸಿದೆ. ಮತ್ತೆ ಗಂಟು ಬಿತ್ತು, ಮತ್ತೆ ಇಳಿಸಿದೆ." ಮೇಷ್ಟ್ರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂತ ನಾನು ಓಡಿದೆ. ಅವರು ನಗುತ್ತಿದ್ದರು. ಕನ್ನಡಕ ಜಾರಿ ಬೀಳುವಷ್ಟು, ಕಂಬ ಹಿಡಿದುಕೊಳ್ಳುವಷ್ಟು ನಗುತ್ತಿದ್ದರು. "ಅಯ್ಯೋ ನನ್ನಪ್ಪ, ದೊಡ್ಡಪ್ಪನಿಗೆ ವಯಸ್ಸಾಯ್ತು ಅಂತ ಕನಿಕರ ಪಡ್ತಿದ್ದೆನಲ್ಲೋ!"

"ಅದಕ್ಕೇ ನನ್ನ ಉಪ್ಪಿನಕಾಯಿ ಕಳಿಯೋಕೆ ಮೂರು ದೀಪಾವಳಿ ಬೇಕಾಯ್ತು!" ಅಂದಳು ದೇವೀರಮ್ಮ, ಬೈಯಲು ಹೋಗಿ ತಾನೂ ನಕ್ಕುಬಿಟ್ಟಳು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ.

ನಗು ಇಳಿದ ಮೇಲೆ ಮೇಷ್ಟ್ರು ಕೆಂಪು ಹಗ್ಗ ಎತ್ತಿ ನನ್ನ ಕಡೆ ಚಾಚಿದರು.

"ನಾನಾ? ನಾನು ಯಾವತ್ತೂ ಆಡಿಲ್ಲ ಮೇಷ್ಟ್ರೇ. ನನಗೆ ಬರಲ್ಲ."

"ನಾವೆಲ್ಲ ಮೇಲೆ ನೋಡಿಕೊಂಡು ಕಲಿತವರು. ಹೆಜ್ಜೆ ನೋಡಿ ಕಲಿತವಳು ನೀನೊಬ್ಬಳೇ. ಹಿಡಿ. ಕೆಳಗೆ ಜ್ವರ ನಾನು ನೋಡ್ತೀನಿ, ಅಂಕಿ ಓದೋವಷ್ಟು ಕಣ್ಣು ಇನ್ನೂ ಇದೆ. ಇಳಿಸಿದ್ದನ್ನೆಲ್ಲ ಮತ್ತೆ ಏರಿಸ್ತೀನಿ."

ಸರ್ವಮಂಗಳಾ ನನ್ನ ಪಕ್ಕ ಹಸಿರು ಹಗ್ಗ ಹಿಡಿದು ನಿಂತಳು. "ಅಕ್ಕ, ನಡುಗಬೇಡಿ. ಹಗ್ಗ ನಡುಗ್ತಿದೆ." ಆಕಾಶದಲ್ಲಿ ಸೂರ್ಯ ಜಿಗಿದ, ಆಮೇಲೆ ಓಟ ಬಿಟ್ಟು ನಡೆಯತೊಡಗಿದ. ಮೇಷ್ಟ್ರು ಕಿಟಕಿಯಿಂದಲೇ ಪದ ಎತ್ತಿದರು. ನಾನು ಮೇಲೆ ನೋಡಲಿಲ್ಲ. ನುಸುಳಿದೆ, ಬಗ್ಗಿದೆ, ಕೋಲಿಗೆ ಕೋಲು ತಾಗಿಸಿದೆ, ಒಬ್ಬರ ಕಾಲೂ ತುಳಿದೆ. ಪದ ತಿರುಗಿತು. ಬಲಗಾಲು ಹೊರಕ್ಕೆ, ಬಲಗಾಲು ಹೊರಕ್ಕೆ ಅಂತ ಜಪ ಮಾಡುತ್ತಾ ಬಿಚ್ಚಿಕೊಂಡು ಬಂದೆ. ಪದ ಮುಗಿದಾಗ ಕಣ್ಣು ಮುಚ್ಚಿಕೊಂಡು ನಿಂತಿದ್ದೆ.

"ತೆಗಿ ಅಕ್ಕ," ಅಂದಳು ಸರ್ವಮಂಗಳಾ. ತೆಗೆದೆ. ಹಗ್ಗಗಳು ಒಂದಕ್ಕೊಂದು ಸೋಕದೆ ನೇತಾಡುತ್ತಿದ್ದವು, ಬಿಸಿಲಲ್ಲಿ ಬಣ್ಣ ಬಣ್ಣವಾಗಿ.

ಜನ ಕೋಲು ಮೇಲಕ್ಕೆಸೆದರು. ಆ ಗದ್ದಲದಲ್ಲಿ ಕಿಟಕಿಯಿಂದ ಮೇಷ್ಟ್ರ ಕೂಗು: "ಅಂಬುಜಾ! ಇನ್ನೊಂದು ಮೆಟ್ಟಿಲು ಹಾಕಿದೆ ಕಣಮ್ಮ! ಜ್ವರ ಏನೂ ಏರಿಲ್ಲ! ಮತ್ತೊಂದು ಹಾಕಲಾ?"

"ಬೇಡಿ ಮೇಷ್ಟ್ರೇ! ಸಾಕು!"

"ಹಾಕಿಬಿಟ್ಟೆ!"

ಜೀವಮಾನವೆಲ್ಲ ಇಳಿಸಿದವರಿಗೆ ಏರಿಸುವ ರುಚಿ ಹತ್ತಿಬಿಟ್ಟಿತ್ತು. ಸೂರ್ಯ ಹುಣಸೆಮರದ ತಲೆಯ ಮೇಲೆ ಬಂದು ಮೊಳೆ ಹೊಡೆದ ಹಾಗೆ ನಿಂತ. ಹಾರುತ್ತಿದ್ದ ಕಾಗೆಯೊಂದು ಆಕಾಶದಲ್ಲಿ ರೆಕ್ಕೆ ಬಿಚ್ಚಿ, ಮಡಚುವುದನ್ನು ಮರೆತಿತ್ತು. ರಸ್ತೆಯ ತಿರುವಿನಲ್ಲಿ ಧೂಳು ಹತ್ತಿಯ ಹಾಗೆ ಮೆಲ್ಲಗೆ ಅರಳಿತು. ಅದರೊಳಗಿನಿಂದ ಬಸ್ಸು, ಮೈಗೆ ಎಣ್ಣೆ ಹಚ್ಚಿಸಿಕೊಂಡ ಆನೆಯ ಹಾಗೆ, ಅವಸರವೇ ಇಲ್ಲದೆ ತೇಲಿ ಬಂತು. ನಾವು ಲೋಕಕ್ಕಿಂತ ಮುಂದೆ ಹೋಗಿಬಿಟ್ಟಿದ್ದೆವು.

ಬಸ್ಸು ಪೂರ್ತಿ ನಿಲ್ಲುವುದನ್ನು ಕಾಯುತ್ತಾ ನಾವು ಹುರಿಗಡಲೆ ತಿಂದೆವು. ಗಡಿಯಾರದ ಗಂಡ ಡ್ರೈವರು ಒಂದು ಆಕಳಿಕೆಯ ನಡುವೆ ಇದ್ದ. ಮಕ್ಕಳು ಕಿಟಕಿಗೆ ಹತ್ತಿ ಅವನ ಬಾಯೊಳಗಿನ ಹಲ್ಲು ನೋಡಿ ಇಳಿದರು. ಬಾಗಿಲಲ್ಲಿ ಮುರುಗೇಶ. ಖಾಕಿ ಗೆರೆಯಲ್ಲ, ಮನುಷ್ಯ. ಕಿವಿಯ ಹತ್ತಿರ ಕೂದಲು ನರೆತಿತ್ತು. ಅಂಗಿಯ ಮೇಲಿನ ಜೇಬಿನಿಂದ ಸರ್ವಮಂಗಳಾ ಬಳೆಯ ಅಂಚು ಇಣುಕುತ್ತಿತ್ತು. ಅವಳು ದಿನಾ ನಿಲ್ಲುವ ಜಾಗದ ಕಡೆ ಮಲ್ಲಿಗೆ ಹಿಡಿದ ಕೈ ಚಾಚಿ, ಕಲ್ಲಿನ ಮೂರ್ತಿಯ ಹಾಗೆ ನಿಂತಿದ್ದ.

ಸರ್ವಮಂಗಳಾ ಅವನ ಎಡಕ್ಕೆ ಹೋಗಿ ನೋಡಿದಳು, ಬಲಕ್ಕೆ ಬಂದು ನೋಡಿದಳು.

"ನೋಡಿದ್ದು ಸಾಕು, ಮಡಿಲಿಗೆ ಅಕ್ಕಿ ಹಾಕಿಸಿಕೋ ಬಾ," ಅಂದಳು ದೇವೀರಮ್ಮ. ಮಡಿಲು ತುಂಬಿದಳು, ಕುಂಕುಮ ಇಟ್ಟಳು, ಕಣ್ಣು ಕಾಣದ ಅತ್ತೆಯ ಕೈ ಬಿಡಬೇಡ, ಪಾತ್ರೆ ಕಾಲಿಗೆ ಸಿಗದ ಹಾಗೆ ಒರಗಿಸಿಡು, ಚಳಿಗೆ ಕಿವಿ ಮುಚ್ಚಿಕೋ ಅಂತ ಬುದ್ಧಿ ಹೇಳಿದಳು. ಆಮೇಲೆ ಮೆಟ್ಟಿಲಿಗೆ ಕಾಲಿಟ್ಟಳು ಸರ್ವಮಂಗಳಾ. ಮೆಟ್ಟಿಲು ಅಲ್ಲೇ ಇತ್ತು. ಅವನ ಬೆರಳಿನ ನಡುವಿನಿಂದ ಮಲ್ಲಿಗೆ ಮಾಲೆ ಬಿಡಿಸಿಕೊಂಡು ಎರಡು ತುಂಡು ಮಾಡಿದಳು. ಒಂದನ್ನು ತಾನು ಮುಡಿದಳು. ಇನ್ನೊಂದನ್ನು, ಇಷ್ಟು ದಿನ ತನಗೆ ಗೊತ್ತಾಗದ ಹಾಗೆ ಮುಡಿಸುತ್ತಿದ್ದವನ ಕಿವಿಗೆ, ಅವನಿಗೆ ಗೊತ್ತಾಗದ ಹಾಗೆ ಸಿಕ್ಕಿಸಿದಳು. ಖಾಲಿಯಾದ ಅಂಗೈಯಲ್ಲಿ ಟಿಕೆಟ್ಟಿಟ್ಟಳು. ಟ್ರಂಕು ಎಳೆದುಕೊಂಡು ಹೋಗಿ ಕಿಟಕಿಯ ಪಕ್ಕ ಕೂತಳು.

ನಾವೆಲ್ಲ ಅತ್ತೆವು. ಅತ್ತು ಮುಗಿಯಿತು. ಬಸ್ಸು ಹೊರಡಲಿಲ್ಲ. ಕೈ ಬೀಸಿದೆವು, ಕೈ ನೋವು ಬಂತು. ದೇವೀರಮ್ಮ ಬುದ್ಧಿಮಾತನ್ನು ಮೊದಲಿನಿಂದ ಶುರು ಮಾಡಿದಳು. ನಾನು ಮನೆಗೆ ಹೋಗಿ ಹಪ್ಪಳ ತಿರುವಿ ಹಾಕಿ ಬಂದೆ. ಬಸ್ಸು ಅಲ್ಲೇ ಇತ್ತು.

"ಅಕ್ಕ," ಅಂದಳು ಕಿಟಕಿಯಿಂದ, "ಒಂದು ಲೋಟ ಕಾಫಿ ಸಿಗುತ್ತಾ?"

ಕಾಫಿ ಕೊಟ್ಟೆ. ಲೋಟ ವಾಪಸ್ ಕೊಡುವಾಗ ಅವಳ ಮುಖ ಸಪ್ಪಗಿತ್ತು. "ಈಗ ಅವರು ಬೊಂಬೆ ಆದರಲ್ಲ ಅಕ್ಕ. ಅವರ ನಗು ಶುರುವಾಗಿದೆ ನೋಡಿ, ತುಟಿಯ ಈ ತುದಿಯಲ್ಲಿ. ನಾನು ಹತ್ತಿದ್ದು ಅವರಿಗೆ ಇನ್ನೂ ಅರ್ಧ ಮಾತ್ರ ಗೊತ್ತಾಗಿದೆ. ಪೂರ್ತಿ ಯಾವಾಗ ನಗ್ತಾರೆ?"

"ಈ ವೇಗದಲ್ಲಿ, ನಾವು ದೀಪ ಹಚ್ಚೋ ಹೊತ್ತಿಗೆ."

ನಾನು ನೆಲಮಾಳಿಗೆಗೆ ಓಡಿದೆ. ಮೇಷ್ಟ್ರು ಟೇಬಲ್ ಫ್ಯಾನು ಸಾಲದೆಂದು ಹಪ್ಪಳದ ಮಣೆ ಹಿಡಿದು ದೊಡ್ಡಪ್ಪನಿಗೆ ಗಾಳಿ ಹಾಕುತ್ತಿದ್ದರು, ಬೆವರಿನಲ್ಲಿ ತೊಯ್ದು ಹೋಗಿದ್ದರು.

"ಇಳಿಸಬೇಕು ಮೇಷ್ಟ್ರೇ."

"ಯಾಕಮ್ಮ? ಗಂಟು ಬಿತ್ತಾ?"

"ಗಂಟಿಲ್ಲ. ಹೊರಗೆ ಒಬ್ಬರು ನಗೋಕೆ ಶುರು ಮಾಡಿದ್ದಾರೆ. ಅವರ ಜೊತೆಗೆ ಹೋಗೋಣ."

ಏರಿಸುವುದಕ್ಕೆ ರೀಸ್ಟಾರ್ಟ್ ಬೇಕು. ಇಳಿಸುವುದಕ್ಕೆ ಬೇಡ, ಒಂದು ಕೀಲಿ ಸಾಕು. ಲೋಕದ ವೇಗ ಯಾವ ಅಂಕಿಯಲ್ಲಿದೆ ಅಂತ ಯಾವ ಪಾಠದಲ್ಲೂ ಹೇಳಿರಲಿಲ್ಲ. ಕಿಟಕಿಗೆ ಕಿವಿ ಕೊಟ್ಟು ಕೀಲಿ ಒತ್ತುತ್ತಾ ಹೋದೆ. ಆಚೆ ಎಲ್ಲೋ ಆಳದಲ್ಲಿ ಗುಡುಗಿನಂತೆ ಉರುಳುತ್ತಿದ್ದದ್ದು ಮೆಲ್ಲಗೆ ಎಂಜಿನ್ನಿನ ಸದ್ದಾಯಿತು. ಕಾಗೆ ರೆಕ್ಕೆ ಮಡಚಿದ ಸದ್ದು. ಆಕಳಿಕೆ ಮುಗಿದ ಸದ್ದು. ಆಮೇಲೆ ಒಬ್ಬ ಗಂಡಸಿನ ನಗು, ತುದಿಯಿಂದ ಕೊನೆಯವರೆಗೆ, ಮನುಷ್ಯರು ನಗುವಷ್ಟೇ ಹೊತ್ತು. ಅದರ ಮೇಲೆ ಸರ್ವಮಂಗಳಾ ನಗು ಬಿತ್ತು. ಎರಡೂ ಒಂದೇ ವೇಗದಲ್ಲಿದ್ದವು. ನಾನು ಬೆರಳೆತ್ತಿದೆ.

"ರೈಟ್, ರೈಟ್!"

ಕಿಟಕಿಯಲ್ಲಿ ಕಾಣುವುದು ನೆಲ ಮಾತ್ರ. ಚಕ್ರಗಳು ಚಕ್ರಗಳ ಹಾಗೆ ಉರುಳಿದವು. ಅವುಗಳ ಹಿಂದೆ ದೇವೀರಮ್ಮನ ಕಾಲುಗಳು ಸ್ವಲ್ಪ ದೂರ ಓಡಿ ನಿಂತವು. ಧೂಳು ಕೂತಿತು.

ಮೇಷ್ಟ್ರು ಮಣೆ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. ಎಡಗಾಲನ್ನು ಬಲಗಾಲಿನ ಮೇಲೆ ಹಾಕಿಕೊಂಡು ಅದರ ಹೆಬ್ಬೆರಳು ಸವರಿದರು. ಆಮೇಲೆ ನನ್ನ ಸ್ವಭಾವ ಬಲ್ಲವರಾಗಿ ಬಾಗಿಲ ಕಡೆ ಕೈ ತೋರಿಸಿದರು.

"ಎಲ್ಲ ಸರಿಯಾಯ್ತಾ ಅಂತ ಒಂದು ಸಲ ಹೋಗಿ ನೋಡಿ ಬರ್ತೀಯೇನಮ್ಮ?"

ಹೊರಗೆ ನನ್ನ ಹಪ್ಪಳಗಳು ಬಿಸಿಲಿಗೆ ಚಟಚಟ ಅನ್ನುತ್ತಿದ್ದವು.

"ಬೇಡ ಮೇಷ್ಟ್ರೇ," ಅಂದೆ. "ಸರಿಯಾಗಿದೆ."